ಅಪ್ಪನ ಕೋಣೆಯ ಸದ್ದು

ಫೆಬ್ರವರಿ ೯

ಮಗಳೇ,

ಕ್ಯಾಮೆರಾ ಬಂತು. ನೀನು ಬರಲಿಲ್ಲ.

ಬೈಯುತ್ತಿದ್ದೇನೆ ಎಂದುಕೊಳ್ಳಬೇಡ. ನಡೆದದ್ದನ್ನು ನಡೆದ ಹಾಗೆ ಬರೆಯುವುದು ಹಳೆಯ ಕೆಲಸದಿಂದ ಬಂದ ಚಾಳಿ. ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ, ಮದ್ದು ತೆಗೆದುಕೊಂಡವರು ಸಿಕ್ಕಿದ್ದಾರೆ, ಪರೀಕ್ಷೆ ಮಾಡಿದವರೂ ಬೇಕು, ನೀವು ಮಾತಾಡುತ್ತೀರಾ ಎಂದು ನೀನು ಕೇಳಿದಾಗ ಮರುಮಾತಿಲ್ಲದೆ ಒಪ್ಪಿದೆ. ಸಿನಿಮಾದಲ್ಲಿ ಕಾಣಿಸಿಕೊಳ್ಳುವ ಹುಚ್ಚಿನಿಂದಲ್ಲ. ಕ್ಯಾಮೆರಾದ ಹಿಂದೆ ನೀನಿರುತ್ತೀಯ ಎಂದುಕೊಂಡಿದ್ದೆ. ಎಡಿಟಿಂಗ್ ಮಾಡುವವರು ಶೂಟಿಂಗಿಗೆ ಬರುವುದಿಲ್ಲ ಎಂದು ನಿಮ್ಮ ನಿರ್ದೇಶಕಿ ಹೇಳಿದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ನಿನ್ನ ಮಂಚಕ್ಕೆ ಒಗೆದ ಹಾಸು ಹಾಕಿಟ್ಟಿದ್ದೆ. ಅದರ ಮೇಲೆ ಅವರು ಲೈಟಿನ ಪೆಟ್ಟಿಗೆ ಇಟ್ಟರು.

ಜನ ಒಳ್ಳೆಯವರೇ. ಮೂರನೇ ಮಹಡಿಗೆ ಅಷ್ಟು ಸಾಮಾನು ಹೊತ್ತು ತಂದು ಏದುಸಿರು ಬಿಡುತ್ತಿದ್ದರು. ನೀರಿನ ಬಾಟಲಿ ಕೊಟ್ಟು, "ಮುಚ್ಚಳ ಒಡೆದಿಲ್ಲ ತಾನೇ, ನೋಡ್ಕೊಂಡು ಕುಡೀರಿ" ಎಂದುಬಿಟ್ಟೆ. ಆಟಗಾರರಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡ ಮಾತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ನಿರ್ದೇಶಕಿ, "ಸರ್, ಹೊರಗೆ ಹೋಗಿ ನಿಮ್ಮ ಮನೆ ಬೆಲ್ ಒಂದ್ಸಲ ಒತ್ತಿ, ಅದೊಂದು ಶಾಟ್ ತಗೋತೀವಿ" ಅಂದಳು. ಆಗುವುದಿಲ್ಲ ಎಂದೆ. ಇಡೀ ಸರ್ವಿಸಿನಲ್ಲಿ ಕೈಯಲ್ಲಿ ಆದೇಶದ ಕಾಗದವಿಲ್ಲದೆ ನಾನು ಯಾರ ಮನೆಯ ಬೆಲ್ಲನ್ನೂ ಒತ್ತಿದವನಲ್ಲ. ಸುಮ್ಮಸುಮ್ಮನೆ ಒತ್ತಿ ನಿಲ್ಲುವುದು ನನ್ನಿಂದಾಗದು. ಕೊನೆಗೆ ಕ್ಯಾಮೆರಾದವನ ಸಹಾಯಕ ಹೋಗಿ ಒತ್ತಿದ. ನಾನು ಸುಮ್ಮನಿರಬಾರದಿತ್ತೇ, ಎದ್ದು ಹೋಗಿ ಬಾಗಿಲು ತೆರೆದುಬಿಟ್ಟೆ. ಆ ಬೆಲ್ಲಿನ ಸದ್ದು ಕೇಳಿ ಬಹಳ ದಿನವಾಗಿತ್ತು. ಶಾಟ್ ಹಾಳಾಯಿತಂತೆ.

ಬಾತುವಿನ ವಿಷಯವನ್ನೂ ಕೇಳಿದಳು. ನಡಿಗೆ ಸ್ಪರ್ಧೆಯ ಚಾಂಪಿಯನ್ ಆಗಿದ್ದನಲ್ಲ, ಬಾತುಕೋಳಿಯ ಹಾಗೆ ಸೊಂಟ ತಿರುಗಿಸುತ್ತ ನಡೆಯುತ್ತಾನೆಂದು ಜೊತೆಯವರು ಹಾಗೆ ಕರೆಯುತ್ತಿದ್ದರು, ಪೇಪರಿನವರೂ ಅದನ್ನೇ ಬರೆಯುತ್ತಿದ್ದರು, ಅವನು. ಅವನು ಸಿಕ್ಕಿಬಿದ್ದದ್ದು ನಾನು ತೆಗೆದುಕೊಂಡ ಮೂತ್ರದ ಸ್ಯಾಂಪಲ್ಲಿನಿಂದ. ಆ ಮಾತು ಬೇಡ ಎಂದೆ. ಅವಳ ಮುಖ ಸಣ್ಣದಾಯಿತು. ಉಳಿದದ್ದೆಲ್ಲ ಹೇಳಿದ್ದೇನೆ, ನೀನೇ ನೋಡುತ್ತೀಯಲ್ಲ.

ಎಲ್ಲ ಮುಗಿದ ಮೇಲೆ ಸೌಂಡಿನವನು, ಯಾರೂ ಅಲ್ಲಾಡಬೇಡಿ, ಮಾತಾಡಬೇಡಿ, ಬರೀ ಕೋಣೆಯ ಸದ್ದು ಬೇಕು ಎಂದ. ಎಲ್ಲರೂ ಕಲ್ಲಿನ ಹಾಗೆ ಕೂತರು. ನಿನ್ನ ಅಮ್ಮ ಹೋದ ಮೇಲೆ ಅಷ್ಟು ಜನ ಒಟ್ಟಿಗೆ ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು. ಅವರೂ ಮಾತಾಡಲಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ 'ಊಟ ಆಯ್ತಾ' ದಾಟಿ ಮುಂದೆ ಹೋಗಿದ್ದೇ ಇಲ್ಲ. ಅದಕ್ಕೆ ಈ ಪತ್ರ. ಈಜುಕೊಳದ ಬೆಂಚಿನ ಮೇಲೆ ದಿನಾ ಜೊತೆಗೆ ಕೂರುವ ಗೆಳೆಯರಿಗೆ ಸಿನಿಮಾದ ಸುದ್ದಿ ಹೇಳಿದೆ. ಅವರಲ್ಲೊಬ್ಬರು, ಹಲ್ಲಿನ ಡಾಕ್ಟರು, ನನ್ನನ್ನು ಈಗ ಹೀರೋ ಎಂದೇ ಕರೆಯುತ್ತಾರೆ.

ಇತಿ,
ನಿನ್ನ ಅಪ್ಪ

*

ಮಾರ್ಚ್ ೨

ಅಪ್ಪ,

ಉತ್ತರ ತಡವಾಯಿತು. ನಮ್ಮ ಎಡಿಟಿಂಗ್ ಕೋಣೆ ಇರುವುದು ಕಾರು ನಿಲ್ಲಿಸುವ ನೆಲಮಾಳಿಗೆಯ ಮೂಲೆಯಲ್ಲಿ. ಕಿಟಕಿ ಇಲ್ಲ. ಹೊರಗೆ ಬಂದಾಗಲೇ ಹಗಲೋ ಸಂಜೆಯೋ ತಿಳಿಯುವುದು. ಒಬ್ಬಳೇ ಕೂತು ಬೇರೆಯವರ ಮಾತು ಕೇಳುವ ಕೆಲಸ ನನ್ನದು. ನಿಮ್ಮ ಕೆಲಸವೂ ಹೆಚ್ಚುಕಡಿಮೆ ಹೀಗೇ ಇತ್ತೇನೋ, ನನಗೆ ಗೊತ್ತಿಲ್ಲ.

ನಿಮ್ಮದನ್ನೆಲ್ಲ ನೋಡಿದೆ. ನೀಲಿ ಶರ್ಟು ಚೆನ್ನಾಗಿದೆ. ಅದರ ಬೆಲೆಚೀಟಿ ಕಂಕುಳ ಹತ್ತಿರ ಇಣುಕುತ್ತಿದೆ. ತೆಗೆಯಲಿಲ್ಲವೇ?

ಒಂದು ಕೆಲಸದ ಮಾತು. ನಿರ್ದೇಶಕಿ ಇನ್ನೊಂದು ಸಲ ಬರಬೇಕೆಂದಿದ್ದಾಳೆ. ಅವಳಿಗೆ ಬೇಕಿರುವುದು ಒಂದೇ ಪ್ರಶ್ನೆಗೆ ಉತ್ತರ. ಆ ಕೊನೆಯ ಸ್ಯಾಂಪಲ್ಲಿನ ಬೆಳಿಗ್ಗೆ ಬಾತು ಬಾಗಿಲು ತೆರೆದಾಗ ಅವನ ಮುಖ ನೋಡಿಯೇ ನಿಮಗೆ ಗೊತ್ತಾಯಿತಾ? ಹೌದು ಎಂದರೂ ಸರಿ, ಇಲ್ಲ ಎಂದರೂ ಸರಿ. ಅದಿಲ್ಲದೆ ನಿಮ್ಮ ಭಾಗಕ್ಕೆ ತಲೆಬುಡ ಇರುವುದಿಲ್ಲ ಅನ್ನುತ್ತಾಳೆ. ಅವಳು ಹೇಳುವುದರಲ್ಲೂ ಅರ್ಥವಿದೆ. ಇಡೀ ಸಿನಿಮಾ ಅವನ ಸುತ್ತಲೇ ಇದೆ.

ನೀವು ಒಪ್ಪಿದರೆ ಈ ಸಲ ನಾನೂ ಜೊತೆಗೆ ಬರುತ್ತೇನೆ.

ನಿಮ್ಮ ಮಗಳು

*

ಮಾರ್ಚ್ ೨೦

ಮಗಳೇ,

ನಿನ್ನ ಪತ್ರದ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಈಜುಕೊಳದವರೆಗೆ ನಡೆದುಹೋಗಿ, ಬೆಂಚಿನ ಮೇಲೂ ಕೂರದೆ ವಾಪಸು ಬಂದೆ. ಒಂದು ಮಾತು ಹೇಳಿದರೆ ನೀನು ಬರುತ್ತೀಯ. ಎಷ್ಟು ಸುಲಭ. ಆದರೂ ಆಗುವುದಿಲ್ಲ ಮಗಳೇ.

ಮುಖ ಸ್ಯಾಂಪಲ್ ಅಲ್ಲ. ಬಾಗಿಲು ತೆರೆದವನ ಮುಖದಲ್ಲಿ ಏನಿತ್ತೆಂದು ನಾವು ಎಲ್ಲಿಯೂ ಬರೆಯುವುದಿಲ್ಲ, ಯಾರಿಗೂ ಹೇಳುವುದಿಲ್ಲ. ನಾವು ತರುವುದು ಎರಡು ಮುಚ್ಚಿದ ಬಾಟಲಿ, ಅಷ್ಟೇ. ಮುಖ ನೋಡಿ ಗೊತ್ತಾಯಿತು ಎಂದು ನಾನಿವತ್ತು ಹೇಳಿದರೆ, ನಾಳೆ ನಿದ್ದೆಗಣ್ಣಿನಲ್ಲಿ ಬಾಗಿಲು ತೆರೆಯುವ ಪ್ರತಿಯೊಬ್ಬ ಆಟಗಾರನೂ ನಮ್ಮವರಿಗೆ ಮುಖ ಮುಚ್ಚಿಕೊಳ್ಳುತ್ತಾನೆ.

ನಿನಗೆ ನನ್ನ ಕೆಲಸ ಗೊತ್ತಿಲ್ಲ ಎಂದು ಬರೆದೆ. ತಪ್ಪು ನಿನ್ನದಲ್ಲ, ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಈಗ ಕೇಳು. ದೊಡ್ಡ ಆಟಗಾರರೆಲ್ಲ ದಿನಕ್ಕೆ ಒಂದು ಗಂಟೆಯ ವೇಳೆಯನ್ನು ಮೊದಲೇ ತಿಳಿಸಿಡಬೇಕು. ಆ ಒಂದು ಗಂಟೆ ಹೇಳಿದ ಜಾಗದಲ್ಲೇ ಇರಬೇಕು. ನಾವು ಯಾವ ದಿನ ಬೇಕಾದರೂ ಹೋಗಬಹುದು. ಫೋನ್ ಮಾಡಿ ಬರುತ್ತಿದ್ದೇನೆ ಎಂದು ಹೇಳುವಂತಿಲ್ಲ. ಅವರಿಲ್ಲದಿದ್ದರೆ ವೇಳೆ ಮುಗಿಯುವವರೆಗೂ ಬಾಗಿಲಲ್ಲೇ ಕಾಯಬೇಕು. ವರ್ಷದಲ್ಲಿ ಮೂರು ಸಲ ಸಿಗಲಿಲ್ಲವೆಂದರೆ ಮದ್ದು ತಿಂದ ಹಾಗೆಯೇ ಲೆಕ್ಕ. ಸಿಕ್ಕಿದರೆ ಸ್ಯಾಂಪಲ್ ಕೊಡುವವರೆಗೂ ಅವರು ನಮ್ಮ ಕಣ್ಣಳತೆ ಬಿಟ್ಟು ಹೋಗಬಾರದು. ನೀನೇ ಯೋಚಿಸು, ಒಬ್ಬ ಗಂಡಸು ನಿಂತು ನೋಡುತ್ತಿದ್ದರೆ ಯಾರಿಗೆ ತಾನೇ ಬರುತ್ತದೆ? ಕೆಲವರಿಗೆ ಮಧ್ಯಾಹ್ನವಾದರೂ ಬರುತ್ತಿರಲಿಲ್ಲ. ಅಲ್ಲಿಯವರೆಗೆ ಕೂತು ಏನಾದರೂ ಮಾತಾಡಬೇಕಲ್ಲ.

ಮೊನ್ನೆ ಡಾಕ್ಟರು ನನಗೂ ಒಂದು ಪರೀಕ್ಷೆ ಬರೆದುಕೊಟ್ಟರು. ಗಾಬರಿಯಾಗಬೇಡ, ವಯಸ್ಸಿನದು. ಲ್ಯಾಬಿನ ಹುಡುಗಿ ಡಬ್ಬಿ ಕೊಟ್ಟು ಹೊರಗೆ ನಿಂತಳು. ನನಗೆ ಒಂದು ತೊಟ್ಟೂ ಬರಲಿಲ್ಲ. ಅವಳು ಆಚೆಯಿಂದ, "ಅಂಕಲ್, ಆಯ್ತಾ?" ಎಂದಳು. ಎಷ್ಟು ಜನರ ಶಾಪ ತಟ್ಟಿತೋ ಎಂದುಕೊಂಡು ಒಬ್ಬನೇ ನಕ್ಕೆ. ನಗು ಬಂತು, ಅದು ಬರಲಿಲ್ಲ.

ನೀನು ಕ್ಯಾಮೆರಾ ಇಲ್ಲದೆಯೂ ಬರಬಹುದು. ಮಂಚದ ಹಾಸನ್ನು ಮತ್ತೆ ಒಗೆದಿದ್ದೇನೆ.

ಇತಿ,
ನಿನ್ನ ಅಪ್ಪ

*

ಮೇ ೧೧

ಅಪ್ಪ,

ಡಾಕ್ಟರ ವರದಿ ಏನೆಂದು ಬರೆಯಿರಿ. ಕೇಳಬೇಕೆಂದು ಎರಡು ಸಲ ಫೋನ್ ಎತ್ತಿಕೊಂಡು ಇಟ್ಟೆ.

ಬಾತುವಿನ ಸಂದರ್ಶನ ನನ್ನ ಕೈಗೆ ಬಂದಿದೆ. ಅವನು ಈಗ ಬೂಟಿನ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಗಿರಾಕಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಪಾದ ಅಳೆಯುತ್ತಾನೆ. ಮಾತು ನಿಧಾನ. ಏನನ್ನೂ ಮುಚ್ಚಿಡಲಿಲ್ಲ. ಮಂಡಿ ನೋವು ವಾಸಿಯಾಗದೆ ಹೋದದ್ದು, ಕೋಚು ಪರಿಚಯಿಸಿದ ಡಾಕ್ಟರು, ಆ ಇಂಜೆಕ್ಷನ್, ಎಲ್ಲ ಹೇಳಿದ. ನಿರ್ದೇಶಕಿಗೆ ಖುಷಿಯೋ ಖುಷಿ.

ನಡುವೆ ನಿಮ್ಮ ಮಾತು ಬಂತು. ಎಡಿಟಿಂಗ್ ಮಾಡುವವಳು ನಿಮ್ಮ ಮಗಳೆಂದು ಅವನಿಗೆ ಗೊತ್ತಿಲ್ಲ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಒಬ್ಬನೇ ರೂಮ್ ಮಾಡ್ಕೊಂಡಿದ್ದೆ. ಬೆಳಿಗ್ಗೆ ನಡೆಯೋದು, ತಿನ್ನೋದು, ಮಲಗೋದು. ಆ ವರ್ಷವೆಲ್ಲ ನನ್ನ ಬಾಗಿಲಿಗೆ ಬಂದವರು ಅಂದ್ರೆ ಸರ್ ಒಬ್ಬರೇ. ಎಲ್ಲರೂ ಅವರನ್ನ ಕಂಡ್ರೆ ಉರ್ಕೋತಿದ್ರು. ನಾನು ಕಾಯ್ತಿದ್ದೆ. ಅವರ ಮಗಳ ಕಥೆ ಹೇಳೋರು. ಸಾಸಿವೆ ಅಂತ. ಸಣ್ಣಗಿದ್ಲಂತೆ, ಕಾದ್ರೆ ಸಿಡೀತಿದ್ಲಂತೆ, ಅದಕ್ಕೆ ಆ ಹೆಸರು. ಟೇಪ್ ರೆಕಾರ್ಡರ್ ಇಟ್ಕೊಂಡು ಮನೆ ಸದ್ದೆಲ್ಲ ಹಿಡಿಯೋಳಂತೆ, ನಲ್ಲಿದು, ಫ್ರಿಜ್ಜಿಂದು, ಅವರಮ್ಮನ ಗೊರಕೆದು. ಊಟಕ್ಕೆ ಕೂತಾಗ ಇದು ಯಾವ ಸದ್ದು ಹೇಳಿ ಅಂತ ಪರೀಕ್ಷೆ ಮಾಡೋಳಂತೆ. ಸರ್ ಬೇಕಂತಲೇ ತಪ್ಪು ಹೇಳೋರಂತೆ. ಒಂದಿನ ಆ ಮಗೂಗೆ ಜ್ವರ. ಸರ್ ನನ್ನ ರೂಮಲ್ಲಿ ಕೂತಿದ್ದಾರೆ, ನನಗೆ ಬರ್ತಾ ಇಲ್ಲ. ಅವರು ಒಂದ್ಸಲಾನೂ ಗಡಿಯಾರ ನೋಡ್ಲಿಲ್ಲ. ನೋಡಿದ್ರೆ ನನಗೆ ಇನ್ನೂ ಬರಲ್ಲ ಅಂತ ಅವರಿಗೆ ಗೊತ್ತಿತ್ತು. ಹೊರಡುವಾಗ ಹೇಳಿದ್ರು, ಮಗಳಿಗೆ ಜ್ವರ ಕಣಪ್ಪ ಅಂತ."

ಟೇಪು ನಿಲ್ಲಿಸಿ ಹೊರಗೆ ಹೋಗಿ ಕಾರುಗಳ ನಡುವೆ ನಿಂತೆ. ನನ್ನನ್ನು ಸಾಸಿವೆ ಎಂದು ಕರೆಯುತ್ತಿದ್ದದ್ದು ನೀವು ಮತ್ತು ಅಮ್ಮ. ಅಮ್ಮ ಇಲ್ಲ. ನೀವು ಯಾವಾಗಿನಿಂದಲೋ ಮಗಳೇ ಎಂದು ಬರೆಯುತ್ತೀರಿ. ಆ ಹೆಸರು ಬೂಟಿನ ಅಂಗಡಿಯವನ ಬಾಯಲ್ಲಿ ಬದುಕಿಕೊಂಡಿದೆ. ನನಗೆ ಹೊಟ್ಟೆಕಿಚ್ಚಾಯಿತು ಅಪ್ಪ. ಆ ಜ್ವರ ನನಗೆ ನೆನಪಿದೆ. ನೀವು ಎಲ್ಲಿದ್ದಿರಿ ಎಂದು ಇಷ್ಟು ವರ್ಷದ ಮೇಲೆ ತಿಳಿಯಿತು. ನೀವು ಬೇಕೆಂದೇ ಸೋಲುತ್ತಿದ್ದಿರಿ ಎನ್ನುವುದೂ ಈಗಲೇ ತಿಳಿದದ್ದು. ನಿಮಗೆ ಸದ್ದು ಗುರುತಿಸಲು ಬರುವುದಿಲ್ಲ ಎಂದುಕೊಂಡಿದ್ದೆ.

ಇಲ್ಲಿ ಸೆಖೆ ಜಾಸ್ತಿ. ಫ್ಯಾನ್ ಹಾಕಿದರೆ ಸದ್ದು, ಹಾಕದಿದ್ದರೆ ಬೆವರು.

ನಿಮ್ಮ ಮಗಳು

*

ಮೇ ೨೮

ಮಗಳೇ,

ವರದಿಯಲ್ಲಿ ಗಾಬರಿಯಾಗುವಂಥದ್ದು ಏನಿಲ್ಲ. ಮಾತ್ರೆ ಕೊಟ್ಟಿದ್ದಾರೆ.

ಬಾತು ಹಾಗೆಲ್ಲ ಹೇಳಿದನೇ? ಅವನಿಗೆ ನೆನಪಿನ ಶಕ್ತಿ ಜಾಸ್ತಿ. ಸೀಲ್ ಮಾಡುವಾಗ ಬಾಟಲಿಯ ನಂಬರನ್ನೂ ನನಗಿಂತ ಮೊದಲೇ ಬಾಯಿಪಾಠ ಹೇಳುತ್ತಿದ್ದ. ಕೆಲಸ ಸಿಕ್ಕಿದೆಯೆಂದು ತಿಳಿದು ಸಮಾಧಾನವಾಯಿತು.

ಉಳಿದದ್ದಕ್ಕೆ ಏನು ಬರೆಯಲಿ? ಅಪರಿಚಿತರ ಮನೆಯಲ್ಲಿ ನಿನ್ನ ಬಗ್ಗೆ ಮಾತಾಡುವುದು ಸುಲಭವಿತ್ತು. ಮನೆಗೆ ಬಂದು ಬೂಟು ಬಿಚ್ಚುವಷ್ಟರಲ್ಲಿ ನೀನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿರುತ್ತಿದ್ದೆ. ತಟ್ಟಬೇಕೆಂದು ನಿಂತದ್ದುಂಟು. ಕೈಯಲ್ಲಿ ಕಾಗದ ಇರಲಿಲ್ಲ, ನೋಡು.

ಈಗ ನಾನೊಂದು ಕೇಳುತ್ತೇನೆ, ನೇರವಾಗಿ ಹೇಳು. ಬಾಗಿಲು ತೆರೆದ ತಕ್ಷಣ ಸೆಖೆ, ಚಳಿ ಎಂದು ಮಾತು ತೆಗೆಯುವವರನ್ನು ನಾನು ಬಹಳ ನೋಡಿದ್ದೇನೆ. ನೀನು ಬಾತುವಿನ ಸಂದರ್ಶನದ ಬಗ್ಗೆ ಬರೆದೆ, ಫ್ಯಾನಿನ ಬಗ್ಗೆ ಬರೆದೆ. ನನ್ನದು ಏನಾಯಿತೆಂದು ಬರೆಯಲಿಲ್ಲ. ಸಿನಿಮಾ ಈ ಊರಿಗೂ ಬರುತ್ತದಂತೆ, ಈಜುಕೊಳದ ಕ್ಲಬ್ಬಿನವರು ತರಿಸುತ್ತಾರಂತೆ. ಬೆಂಚಿನವರೆಲ್ಲ ಮುಂದಿನ ಸಾಲು ಹಿಡಿಯುವ ಮಾತಾಡುತ್ತಿದ್ದಾರೆ. ನೀಲಿ ಶರ್ಟನ್ನು ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ, ಬೆಲೆಚೀಟಿ ತೆಗೆದಿದ್ದೇನೆ.

ನಾನು ಅದರಲ್ಲಿ ಇದ್ದೇನೆಯೇ?

ಇತಿ,
ನಿನ್ನ ಅಪ್ಪ

*

ಜುಲೈ ೭

ಅಪ್ಪ,

ಇಲ್ಲ. ನೀವು ಇಲ್ಲ.

ನಿರ್ದೇಶಕಿ ಹೇಳಿದಳು, ನಾನು ತೆಗೆದೆ. ಏಪ್ರಿಲ್‌ನಲ್ಲೇ ತೆಗೆದಾಗಿತ್ತು. ನಿಮ್ಮ ಭಾಗ ಎಲ್ಲಿ ಇಟ್ಟರೂ ಸಿನಿಮಾ ಅಲ್ಲಿಗೆ ನಿಂತುಬಿಡುತ್ತಿತ್ತು. ನಿಯಮ, ಬಾಟಲಿ, ಸೀಲು, ಮತ್ತೆ ನಿಯಮ. ನೋಡುವವರಿಗೆ ಬೇಕಾದದ್ದು ಬಾತುವಿನ ಬಾಗಿಲು, ಅದನ್ನು ನೀವು ತೆರೆಯಲಿಲ್ಲ. ನಾನು ವಾದ ಮಾಡಬಹುದಿತ್ತು. ಸ್ವಲ್ಪ ಮಾಡಿದೆ. ಅಪ್ಪನಿಗಾಗಿ ಮಾಡುತ್ತಿದ್ದೀಯ ಎಂದಳು, ಅಲ್ಲಿಗೇ ಬಿಟ್ಟುಕೊಟ್ಟೆ. ನಿಮಗೆ ಹೇಳಲು ಧೈರ್ಯ ಬರಲಿಲ್ಲ. ಹಾಸು ಒಗೆದಿದ್ದೇನೆ ಎಂದು ಬರೆದವರಿಗೆ ಹೇಗೆ ಹೇಳುವುದು?

ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದಿರಲ್ಲ, ಆ ಕೋಣೆಯ ಸದ್ದು. ಮಾತಿನ ತುಂಡುಗಳನ್ನು ಜೋಡಿಸುವಾಗ ನಡುವೆ ಕಿವಿಗೆ ಹಳ್ಳ ಬಿದ್ದ ಹಾಗಾಗುತ್ತದೆ. ಅದನ್ನು ತುಂಬಲು ಹೀಗೆ ಬರೀ ಮೌನವನ್ನು ಹಿಡಿದಿಟ್ಟುಕೊಳ್ಳುತ್ತೇವೆ. ಬಾತು ಮಾತಾಡಿದ್ದು ಬೂಟಿನಂಗಡಿಯ ಹಿಂದಿನ ಗೋದಾಮಿನಲ್ಲಿ, ಅಲ್ಲಿಯ ಸದ್ದು ಸರಿ ಬಂದಿರಲಿಲ್ಲ. ಅವನು ತನ್ನ ಒಂಟಿ ಕೋಣೆಯ ಬಗ್ಗೆ ಹೇಳುವ ಕಡೆಯೆಲ್ಲ ಅವನ ಮಾತಿನ ಅಡಿಗೆ ನಿಮ್ಮ ಕೋಣೆಯನ್ನು ಹಾಸಿದ್ದೇನೆ. ಯಾರಿಗೂ ತಿಳಿಯುವುದಿಲ್ಲ. ನಿರ್ದೇಶಕಿಗೂ ಹೇಳಿಲ್ಲ.

ಬೆಂಚಿನವರು ಕೇಳಿದರೆ ಮಗಳೇ ತೆಗೆದಳು ಎನ್ನಿ. ನನ್ನ ಮೇಲೆ ಹಾಕಿಬಿಡಿ.

ಇನ್ನೊಂದು ಮಾತು. ಕಾಗದವಿಲ್ಲದೆ ನೀವು ಯಾರ ಬೆಲ್ಲನ್ನೂ ಒತ್ತುವುದಿಲ್ಲ ಅಲ್ಲವೇ? ಇದನ್ನೇ ಕಾಗದ ಎಂದುಕೊಳ್ಳಿ. ಪ್ರತಿ ಭಾನುವಾರ ಬೆಳಿಗ್ಗೆ ಆರರಿಂದ ಏಳರವರೆಗೆ ನಾನು ಮನೆಯಲ್ಲಿರುತ್ತೇನೆ. ವಿಳಾಸ ಲಕೋಟೆಯ ಹಿಂದಿದೆ, ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿದೆ. ಫೋನ್ ಮಾಡಿ ಬರಬೇಕಾಗಿಲ್ಲ.

ನಿಮ್ಮ ಮಗಳು

*

ಆಗಸ್ಟ್ ೧೭, ಭಾನುವಾರ
(ಬಾಗಿಲ ಕೆಳಗಿನಿಂದ ತೂರಿಸಿದ ಚೀಟಿ)

ಮಗಳೇ,

ನೀನು ತಿಳಿಸಿದ ವಿಳಾಸಕ್ಕೆ, ತಿಳಿಸಿದ ವೇಳೆಗೆ ಬಂದಿದ್ದೆ. ಬೆಲ್ ಒತ್ತಿದೆ. ಒಳಗೆ ಅದು ಸದ್ದು ಮಾಡಿದ್ದು ಹೊರಗೂ ಕೇಳಿಸಿತು, ಕೆಟ್ಟಿಲ್ಲ. ಬಾಗಿಲನ್ನೂ ತಟ್ಟಿದೆ. ಯಾರೂ ತೆರೆಯಲಿಲ್ಲ. ಫೋನ್ ಮಾಡುವಂತಿಲ್ಲವಾದ್ದರಿಂದ ಮಾಡಲಿಲ್ಲ. ವೇಳೆ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂತು ಕಾದೆ.

ಕೆಳಗಿನ ಮನೆಯಾಕೆ ನೀರಿನ ಬಾಟಲಿ ಕೊಟ್ಟರು. ಮುಚ್ಚಳ ಒಡೆದಿರಲಿಲ್ಲ.

ಇದು ಮೊದಲನೆಯದು. ನಿಯಮದಂತೆ ಇನ್ನೂ ಎರಡು ಅವಕಾಶ ಇವೆ.

ಅಪ್ಪ

*

ಆಗಸ್ಟ್ ೧೭

ಅಪ್ಪ,

ನಾನು ಮನೆಯಲ್ಲೇ ಇದ್ದೆ.

ಚೀಟಿ ಕಣ್ಣಿಗೆ ಬಿದ್ದಾಗ ನೀವು ಹೋಗಿ ಎಷ್ಟು ಹೊತ್ತಾಗಿತ್ತೋ. ಹಾಕಿದ್ದ ಬಟ್ಟೆಯಲ್ಲೇ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿಗೆ ಓಡಿದೆ. ನಿಮ್ಮ ಊರಿನ ಬಸ್ಸು ಹೊರಟುಹೋಗಿತ್ತು. ಅಲ್ಲಿದ್ದ ಕಂಡಕ್ಟರ್ ಒಬ್ಬರನ್ನು, ಒಬ್ಬರು ವಯಸ್ಸಾದವರು ಹತ್ತಿದರಾ ಎಂದು ಕೇಳಿದೆ. "ನೋಡೋಕೆ ಹೇಗಿದ್ರಮ್ಮ?" ಎಂದರು. ನಾನು ನೀಲಿ ಶರ್ಟು ಎಂದೆ. ನೀವು ಅದನ್ನೇ ಹಾಕಿಕೊಂಡು ಬಂದಿದ್ದಿರೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಜುಲೈಯಿಂದ ಪ್ರತಿ ಭಾನುವಾರ ಆರಕ್ಕೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಎದ್ದು ನಿಲ್ಲುತ್ತಿದ್ದೆ. ಪೇಪರಿನವನು, ಕೆಳಗಿನ ಮನೆಯ ನಾಯಿ. ಇವತ್ತೂ ಬರುವುದಿಲ್ಲ ಎಂದು ಯಾಕೋ ಅನ್ನಿಸಿತು. ಸಿನಿಮಾ ಒಪ್ಪಿಸುವ ದಿನ ಹತ್ತಿರ ಬಂದಿದೆ, ಸದ್ದಿನ ಕೊನೆಯ ಕೆಲಸ ಬಾಕಿ ಇತ್ತು. ಸ್ವಲ್ಪ ಹೊತ್ತು ಮಾಡೋಣವೆಂದು ಹೆಡ್‌ಫೋನ್ ಹಾಕಿಕೊಂಡೆ.

ನಾನು ಕೇಳುತ್ತಿದ್ದದ್ದು ನಿಮ್ಮ ಕೋಣೆಯನ್ನು. ಪೂರಾ ಜೋರಾಗಿ ಇಟ್ಟುಕೊಂಡಿದ್ದೆ. ಫ್ರಿಜ್ಜು ಒಮ್ಮೆ ನಡುಗಿ ನಿಲ್ಲುತ್ತದೆ. ಮೇಲಿನ ಮನೆಯ ನಲ್ಲಿ ಇನ್ನೂ ಸೋರುತ್ತಿದೆ, ನಾನು ಚಿಕ್ಕವಳಿದ್ದಾಗ ಹಿಡಿದಿಟ್ಟಿದ್ದ ಅದೇ ನಲ್ಲಿ. ಹೊಸ ಬಟ್ಟೆಯ ಸರಬರ. ಆಮೇಲೆ ನಿಮ್ಮ ಉಸಿರು. ಕೊನೆಗೆ ನೀವು ಏನೋ ಹೇಳಲು ಹೊರಟವರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತೀರಿ. ಅಷ್ಟರಲ್ಲಿ ಸೌಂಡಿನವನು ಆಯ್ತು ಎನ್ನುತ್ತಾನೆ. ಆ ಜಾಗವನ್ನು ಹಿಂದೆ ಮುಂದೆ ಮಾಡಿ ಎಷ್ಟು ಸಲ ಕೇಳಿದೆನೋ. ನೀವು ಏನು ಹೇಳಲು ಹೊರಟಿದ್ದಿರಿ ಎಂದು ತಿಳಿಯಬೇಕಿತ್ತು. ನೀವು ಆಚೆ ಬಾಗಿಲು ತಟ್ಟುತ್ತಿದ್ದಿರಿ, ನಾನು ಈಚೆ ನಿಮ್ಮ ಉಸಿರು ಕೇಳುತ್ತ ಕೂತಿದ್ದೆ.

ಇದಕ್ಕೆ ವಿವರಣೆ ಅಂತ ಏನು ಕೊಡಲಿ? ಮನೆಯಲ್ಲಿದ್ದೆ, ಕೇಳಿಸಲಿಲ್ಲ. ಯಾರು ನಂಬುತ್ತಾರೆ?

ಇನ್ನು ಭಾನುವಾರ ಹೆಡ್‌ಫೋನ್ ಮುಟ್ಟುವುದಿಲ್ಲ. ಬನ್ನಿ ಅಪ್ಪ.

ನಿಮ್ಮ ಮಗಳು

*

ಸೆಪ್ಟೆಂಬರ್ ೨೧

ಅಪ್ಪ,

ಇವತ್ತೂ ಭಾನುವಾರ. ಮನೆಯಲ್ಲಿದ್ದೆ. ಕುರ್ಚಿಯನ್ನು ಬಾಗಿಲಿಗೆ ಒತ್ತಿ ಹಾಕಿದ್ದೇನೆ.

ಬಾತು ಹೇಳಿದ್ದು ಈಗ ಅರ್ಥವಾಗುತ್ತಿದೆ. ಬರುವವರು ಯಾವ ದಿನ ಬರುತ್ತಾರೆಂದು ಗೊತ್ತಿಲ್ಲದಿದ್ದರೆ ಎಲ್ಲ ದಿನವೂ ಅವರದೇ ಆಗುತ್ತದೆ. ಏಳಾದ ಮೇಲೆ ಎದ್ದು ಕುರ್ಚಿಯನ್ನು ಒಳಗಿಡುವಾಗ ಮನೆ ಮೊದಲಿಗಿಂತ ಖಾಲಿ ಅನ್ನಿಸುತ್ತದೆ.

ಕೋಪ ಬಂದಿದ್ದರೆ ಅದನ್ನಾದರೂ ಬರೆಯಿರಿ. ಫೋನ್ ಮಾಡಿದರೆ ಮತ್ತೆ ಊಟ ಆಯ್ತಾ ಎನ್ನುತ್ತೇವೆಂಬ ಭಯಕ್ಕೆ ಮಾಡಿಲ್ಲ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗಳು

*

ಅಕ್ಟೋಬರ್ ೧೨

ಸಾಸಿವೆ,

ಕೋಪವಿಲ್ಲ. ನಾಚಿಕೆ. ಯಾಕೆಂದು ಕೆಳಗೆ ಬರೆಯುತ್ತೇನೆ. ಅದನ್ನು ಬರೆಯಲಾಗದೆ ಇಷ್ಟು ದಿನ ಸುಮ್ಮನಿದ್ದೆ.

ಮೊದಲು ಸಿನಿಮಾದ ಸುದ್ದಿ. ನಿನ್ನೆ ಕ್ಲಬ್ಬಿನಲ್ಲಿ ತೋರಿಸಿದರು. ನಾನಿಲ್ಲವೆಂದು ಬೆಂಚಿನವರಿಗೆ ಹೇಳಿರಲಿಲ್ಲ, ಹೇಳಲು ಬಾಯಿ ಬಂದಿರಲಿಲ್ಲ. ನೀಲಿ ಶರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತೆ. ತೆರೆಯ ಮೇಲೆ ಬಾತು ಬಂದ. ದಪ್ಪಗಾಗಿದ್ದಾನೆ, ಒಳ್ಳೆಯದಾಯಿತು. ಅವನು ತನ್ನ ರೂಮಿನ ಬಗ್ಗೆ ಹೇಳುವಾಗ ನಾನು ಕಣ್ಣು ಮುಚ್ಚಿಕೊಂಡೆ. ನಮ್ಮ ಫ್ರಿಜ್ಜು ಕೇಳಿಸಿತು. ಮೇಲಿನ ಮನೆಯ ನಲ್ಲಿಯೂ. ಈ ಸಲ ಬೇಕೆಂದೇ ಸೋಲುವುದು ನನ್ನಿಂದಾಗಲಿಲ್ಲ, ಎಲ್ಲವನ್ನೂ ಗುರುತು ಹಿಡಿದೆ.

ಲೈಟು ಹಾಕಿದಾಗ ಹಲ್ಲಿನ ಡಾಕ್ಟರು, "ಹೀರೋ ಎಲ್ರೀ? ಕಾಣ್ಲೇ ಇಲ್ಲ!" ಎಂದರು. "ಅವನು ಮಾತಾಡ್ತಿದ್ದಾಗ ಹಿಂದೆ ಸುಮ್ಮನಿದ್ದವನು ನಾನೇ" ಎಂದೆ. ಸ್ಕ್ರೂ ಸಡಿಲವಾಗಿದೆಯೇನೋ ಎನ್ನುವ ಹಾಗೆ ನೋಡಿದರು. ಒಬ್ಬನೇ ಮನೆಗೆ ನಡೆದು ಬಂದೆ.

ಇನ್ನು ನಿನ್ನ ವಿವರಣೆ. ಮೊದಲ ಸಲ ತಪ್ಪಿದವರಿಗೆ ವಿವರಣೆ ಕೊಡುವ ಹಕ್ಕಿದೆ, ಓದಿದೆ. ಆದರೆ ಮನೆಯಲ್ಲಿದ್ದೆ, ಬೆಲ್ ಕೇಳಿಸಲಿಲ್ಲ ಎನ್ನುವುದನ್ನು ನಮ್ಮವರು ಎಂದೂ ಒಪ್ಪಿದವರಲ್ಲ. ನಾನು ಒಪ್ಪಿದರೆ ಹಿಂದೆ ಇದೇ ಕಾರಣ ಹೇಳಿದ ಆಟಗಾರರಿಗೆಲ್ಲ ಮೋಸವಾಗುತ್ತದೆ. ಆ ಮೊದಲನೆಯ ತಪ್ಪು ನಿನ್ನ ಹೆಸರಿನಲ್ಲಿ ಹಾಗೇ ಇರಲಿ.

ನನ್ನದೂ ಒಂದು ತಪ್ಪಿದೆ. ಬೆಲ್ ಒತ್ತಿದೆ, ಬಾಗಿಲು ತಟ್ಟಿದೆ, ಕಾದೆ, ನಿಯಮದಲ್ಲಿದ್ದದ್ದನ್ನೆಲ್ಲ ಮಾಡಿದೆ. ನೀನು ಒಳಗಿದ್ದೀಯ ಎಂದು ನನಗೆ ಗೊತ್ತಿತ್ತು. ಬಾಗಿಲ ಕೆಳಗೆ ದೀಪದ ಬೆಳಕು ಕಾಣುತ್ತಿತ್ತು. ಹೆಸರು ಹಿಡಿದು ಕೂಗಬಹುದಿತ್ತು. ಕೂಗಬಾರದೆಂದು ಯಾವ ನಿಯಮವೂ ಇಲ್ಲ. ನಿನಗೆ ಬಾಗಿಲು ತೆರೆಯಲು ಮನಸ್ಸಿಲ್ಲವೇನೋ ಎಂದುಕೊಂಡೆ. ಕೂಗಿದ ಮೇಲೂ ತೆರೆಯದಿದ್ದರೆ ಆ ನಾಲ್ಕು ಮಹಡಿ ಇಳಿಯುವುದು ಹೇಗೆ ಎಂದು ಹೆದರಿಕೆಯಾಯಿತು. ಕಂಡವರ ಬಾಗಿಲಲ್ಲೆಲ್ಲ ಗಟ್ಟಿಯಾಗಿ ನಿಂತವನು, ಸ್ವಂತ ಮಗಳ ಬಾಗಿಲಲ್ಲಿ ಚೀಟಿ ತೂರಿಸಿ ಬಂದೆ.

ಆ ದಿನ ಸೌಂಡಿನವನ ಮುಂದೆ ಗಂಟಲು ಸರಿಮಾಡಿಕೊಂಡದ್ದು ಯಾಕೆ ಎಂದು ಕೇಳಿದ್ದೀಯ. ಇದನ್ನೆಲ್ಲ ಸಾಸಿವೆ ಕೇಳುತ್ತಾಳಾ ಎಂದು ಅವನನ್ನು ವಿಚಾರಿಸಬೇಕೆಂದಿದ್ದೆ.

ಈ ಸಲ ಬಂದಾಗ ಕೂಗುತ್ತೇನೆ. ಅಕ್ಕಪಕ್ಕದವರು ಬೈದರೆ ನೀನೇ ನೋಡಿಕೋ. ಯಾವ ಭಾನುವಾರ ಎಂದು ಮೊದಲೇ ಹೇಳುವಂತಿಲ್ಲ. ಮನೆಯಲ್ಲಿರು.

ಇತಿ,
ಅಪ್ಪ